ಕಿಡಿಯ ಅಳತೆ

ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಎಂಬ ಹೆಸರುಗಳನ್ನು ಕೇಳಿದೊಡನೆ ಶ್ರೋತೃಗಳ ಮನಸ್ಸಿಗೆ ತುಂಗಭದ್ರೆಯ ದಡವೋ, ಸೂಳೆಕೆರೆಯ ವಿಸ್ತಾರವೋ, ಅಡಕೆಯ ತೋಟವೋ, ಮೋಡವನ್ನೇ ನಂಬಿದ ಜೋಳದ ಹೊಲವೋ ಬರುವುದು ಸಹಜ. ಆಸ್ಫೋಟದ ಮಾತು ಅಲ್ಲಿ ಸಲ್ಲದೆಂದೇ ತೋರುವುದು. ಆದರೆ 2021ನೆಯ ಇಸವಿ ಜನವರಿ 21ರ ರಾತ್ರಿ, ಶಿವಮೊಗ್ಗದ ಸಮೀಪದ ಹುಣಸೋಡಿನಲ್ಲಿ ಕಲ್ಲುಗಣಿಗಾಗಿ ತಂದಿದ್ದ ಸಿಡಿಮದ್ದು ಸಿಡಿದು ಜೀವಹಾನಿಯಾದಾಗ, ಅದರ ಅದುರು ದಾವಣಗೆರೆಯ ಸೀಮೆಗೂ ಮುಟ್ಟಿತು. ಭೂಕಂಪವಾಯಿತೆಂದು ಬಗೆದು ಜನ ಮನೆಗಳಿಂದ ಹೊರಬಿದ್ದರು. ಆ ದುರ್ಘಟನೆಯ ವಿಚಾರಣೆ ಈ ಭಾಷಣದ ಉದ್ದೇಶವಲ್ಲ. ಸಿಡಿಯಬಲ್ಲ ವಸ್ತುವಿನ ಬಳಿ ವಿದ್ಯುತ್ತಿನ ಉಪಕರಣವನ್ನು ಒಯ್ಯುವುದು ಹೇಗೆಂಬುದನ್ನು ಮನುಷ್ಯನು ಎಂತಹ ಬೆಲೆ ತೆತ್ತು ಕಲಿತನೆಂಬುದೇ ಇಂದಿನ ವಿಷಯ.

ಈ ಚರಿತ್ರೆಯ ಮೊದಲ ಅಧ್ಯಾಯದಲ್ಲಿ ವಿದ್ಯುತ್ತೇ ಇಲ್ಲ. 1812ರಲ್ಲಿ ಇಂಗ್ಲೆಂಡಿನ ಫೆಲಿಂಗ್ ಕಲ್ಲಿದ್ದಲ ಗಣಿಯಲ್ಲಿ ಅನಿಲವು ಹೊತ್ತಿ 92 ಮಂದಿ ಸತ್ತರು. ಮೂರು ವರ್ಷಗಳ ತರುವಾಯ ಹಂಫ್ರಿ ಡೇವಿಯು ದೀಪದ ಸುತ್ತ ಸೂಕ್ಷ್ಮವಾದ ತಂತಿಯ ಬಲೆಯನ್ನು ಕಟ್ಟಿದನು. ಒಳಗೆ ಉರಿಯುವ ಜ್ವಾಲೆಯು ಬಲೆಯ ಕಣ್ಣುಗಳಲ್ಲಿ ಹಾಯುವಾಗ ತಣ್ಣಗಾಗಿ, ಹೊರಗಣ ಅನಿಲವನ್ನು ಹೊತ್ತಿಸಲಾರದಾಯಿತು.

ನಮ್ಮ ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತು ಗಣಿಗೆ ಇಳಿದುದು ಬೇಗನೆಯೇ. 1902ರ ಜೂನ್ 30ರಂದು ಶಿವನಸಮುದ್ರದ ಪ್ರವಾಹವು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅದೇ ಕಾಲದಲ್ಲಿ ಯೂರೋಪಿನ ಕಲ್ಲಿದ್ದಲ ಗಣಿಗಳಿಗೆ ಇಳಿದ ವಿದ್ಯುತ್ತಿನ ಹಿಂದೆಯೇ ಹೊಸ ಭಯವೂ ಇಳಿಯಿತು. ಸ್ವಿಚ್ಚು ಮುಚ್ಚಿದರೆ ಕಿಡಿ, ತೆರೆದರೆ ಕಿಡಿ. ಜರ್ಮನಿಯಲ್ಲಿ ಕಾರ್ಲ್ ಬೇಲಿಂಗ್ ಎಂಬಾತನು ಆ ಶತಮಾನದ ಮೊದಲ ದಶಕದಲ್ಲಿ ಪ್ರಯೋಗಗಳನ್ನು ನಡೆಸಿ, ಡೇವಿಯ ತತ್ತ್ವವನ್ನೇ ಯಂತ್ರಗಳಿಗೆ ಅನ್ವಯಿಸಿದನು: ಒಳಗೆ ಆಸ್ಫೋಟವಾದರೂ ಒಡೆಯದ ಗಟ್ಟಿ ಪೆಟ್ಟಿಗೆ, ಬೆಂಕಿ ತಣ್ಣಗಾಗದೆ ಹೊರಗೆ ಬರಲಾರದ ಇಕ್ಕಟ್ಟಾದ ಸಂದು. ಇದೇ ಜ್ವಾಲಾರೋಧಕ ಕವಚ.

ಆದರೆ ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು ಮುಚ್ಚಲಾದೀತೆ? 1913ರ ಅಕ್ಟೋಬರ್ 14ರಂದು ವೇಲ್ಸಿನ ಸೆಂಗೆನಿತ್ ಗಣಿಯಲ್ಲಿ 439 ಮಂದಿ ಗಣಿಗಾರರು ಮಡಿದರು. ಕಾರಣವು ಖಚಿತವಾಗಲಿಲ್ಲ, ಆದರೆ ಸಂಜ್ಞೆ ಕೊಡುವ ವಿದ್ಯುತ್ ಗಂಟೆಯ ತಂತಿಯ ಕಿಡಿಯ ಮೇಲೂ ಸಂಶಯ ಬಂದಿತು. ಕೆಲವೇ ಬ್ಯಾಟರಿಗಳ ಗಂಟೆ, ಮುಟ್ಟಿದರೆ ಕೈಗೆ ಜುಮ್ಮೆನ್ನದು; ಅದು ಇಷ್ಟು ಜನರನ್ನು ಕೊಲ್ಲಬಲ್ಲುದೆ? ಆ ವರ್ಷಗಳಲ್ಲಿ ವೀಲರ್, ಥಾರ್ನ್‌ಟನ್ ಎಂಬ ವಿದ್ವಾಂಸರು ಈ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಒಯ್ದರು. ಗಂಟೆಯ ಸುರುಳಿಯಲ್ಲಿ ಅಡಗಿದ ಶಕ್ತಿಯು ತಂತಿ ಕಡಿದ ಕ್ಷಣದಲ್ಲಿ ಒಮ್ಮೆಲೆ ಕಿಡಿಯಾಗಿ ಹೊಮ್ಮುವುದೆಂದೂ, ಕಿಡಿಯ ಶಕ್ತಿಯು ಒಂದು ಮಿತಿಗಿಂತ ಕಡಿಮೆಯಿದ್ದರೆ ಅನಿಲವು ಹೊತ್ತದೆಂದೂ ತಿಳಿದುಬಂದಿತು. ಮೀಥೇನಿಗೆ ಆ ಮಿತಿ ಒಂದು ಜೂಲಿನ ಸಾವಿರ ಭಾಗಗಳಲ್ಲಿ ಸುಮಾರು ಕಾಲು ಭಾಗ. ಜಲಜನಕಕ್ಕೆ ಅದಕ್ಕಿಂತಲೂ ಹತ್ತು ಪಾಲಿಗೂ ಮಿಕ್ಕಿ ಕಡಿಮೆ. ಕಿಡಿಯನ್ನು ಮುಚ್ಚಿಡುವ ಬದಲು ಕಿಡಿಯನ್ನೇ ಬಡವಾಗಿಸುವ ಈ ಉಪಾಯಕ್ಕೆ ಸ್ವಭಾವಸುರಕ್ಷಿತತೆ ಎಂದು ಹೆಸರಿಡಬಹುದು.

ಪರೀಕ್ಷೋಪಕರಣಗಳಿಗೆ ಈ ಉಪಾಯವೇ ಗತಿ. ಏಕೆಂದರೆ ಮಾಪಕದ ಕೆಲಸವೇ ಮುಚ್ಚಳ ತೆಗೆದು ತಂತಿ ಮುಟ್ಟಿಸುವುದು. ಕವಚವು ಅಲ್ಲಿ ಕಾಯಲಾರದು. ಕೇಡನ್ನು ಪತ್ತೆಹಚ್ಚಲು ಬಂದ ಉಪಕರಣವೇ ಕೇಡಾಗಬಾರದಷ್ಟೆ. ಆದುದರಿಂದ ಅಂತರರಾಷ್ಟ್ರೀಯ ನಿಯಮಾವಳಿಯು ಅತ್ಯುಚ್ಚ ವರ್ಗದ ಉಪಕರಣಕ್ಕೆ, ಎರಡು ದೋಷಗಳು ಒಟ್ಟಿಗೆ ಸಂಭವಿಸಿದರೂ ಹೊತ್ತಿಸುವ ಕಿಡಿ ಹುಟ್ಟಕೂಡದೆಂದು ವಿಧಿಸಿದೆ. ಭಾರತದಲ್ಲಿ 1884ರ ಆಸ್ಫೋಟಕ ಕಾಯಿದೆ, 1901ರ ಗಣಿ ಕಾಯಿದೆಗಳ ಅಡಿಪಾಯದ ಮೇಲೆ, 1947ರಲ್ಲಿ ಸ್ಥಾಪಿತವಾದ ಮಾನಕ ಸಂಸ್ಥೆಯು ಜ್ವಾಲಾರೋಧಕ ಕವಚಕ್ಕೆ ಐ.ಎಸ್. 2148, ಸ್ವಭಾವಸುರಕ್ಷಿತತೆಗೆ ಐ.ಎಸ್. 5780 ಎಂಬ ಮಾನಕಗಳನ್ನು ರಚಿಸಿತು. ತರುವಾಯ ಇವು ಅಂತರರಾಷ್ಟ್ರೀಯ 60079ರ ಮಾಲೆಯೊಡನೆ ಒಂದಾದುವು. 1956ರಲ್ಲಿ ಧನಬಾದಿನಲ್ಲಿ ಆರಂಭವಾದ ಗಣಿ ಸಂಶೋಧನಾ ಕೇಂದ್ರವು ಇಂತಹ ಉಪಕರಣಗಳನ್ನು ಪರೀಕ್ಷಿಸುವ ಭಾರವನ್ನು ಹೊತ್ತಿತು.

ಈಗ ಕಲ್ಲುಗಣಿಗೆ ಮರಳೋಣ. ಕುಳಿ ಕೊರೆದು ಮದ್ದು ತುಂಬಿ, ವಿದ್ಯುತ್ ಕೇಪುಗಳನ್ನು ಸರಪಣಿಯಂತೆ ಜೋಡಿಸಿದ ಮೇಲೆ, ತಂತಿ ಎಲ್ಲಿಯೂ ಕಡಿದಿಲ್ಲವೆಂದು ಅಳೆದು ನೋಡಲೇಬೇಕು; ಸಿಡಿಯದೆ ಉಳಿದ ಕುಳಿಯು ಮರುದಿನ ಸಲಿಕೆ ಹಾಕುವವನಿಗೆ ಮೃತ್ಯು. ಆದರೆ ಅಳೆಯಲು ಹರಿಸುವ ಪ್ರವಾಹವೇ ಕೇಪನ್ನು ಸಿಡಿಸಬಲ್ಲುದು. ಆದಕಾರಣವೇ ಅತ್ಯಲ್ಪ ಪ್ರವಾಹವನ್ನು ಮಾತ್ರ ಕೊಡುವ ವಿಶೇಷ ಮಾಪಕಗಳು ಹುಟ್ಟಿದುವು. ಪೇಟೆಯ ರೇಡಿಯೊ ರಿಪೇರಿಯವನ ಮೀಟರು ಇಲ್ಲಿ ಸಲ್ಲದು. ಅನಿಲದ ಗಣಿಗೆಂದು ಪ್ರಮಾಣಪತ್ರ ಪಡೆದ ಮೀಟರು ಕೂಡ ಅಷ್ಟರಿಂದಲೇ ಕೇಪಿಗೆ ಯೋಗ್ಯವಾಗದು. ಅನಿಲವು ಕಿಡಿಗೆ ಹೆದರಿದರೆ, ಕೇಪು ಪ್ರವಾಹಕ್ಕೆ ಹೆದರುತ್ತದೆ. ಈ ಕಷ್ಟಗಳ ಕೊನೆಗೆ ಭಾರತ ಸರ್ಕಾರವು 2024ರಲ್ಲಿ ಅಧಿಸೂಚನೆ ಹೊರಡಿಸಿ, 2025ರ ಏಪ್ರಿಲ್ 1ರಿಂದ ವಿದ್ಯುತ್ ಕೇಪುಗಳನ್ನು ನಿಷೇಧಿಸಲು ಗೊತ್ತುಮಾಡಿತು.

ನಿಷೇಧವು ಒಂದು ಬಾಗಿಲನ್ನು ಮುಚ್ಚಿತು; ಉಳಿದುವು ತೆರೆದಿವೆ. ಪೆಟ್ರೋಲ್ ಬಂಕಿನ ಆವಿ, ಗೊಬ್ಬರದ ಅನಿಲದ ಗುಂಡಿ, ಮುಸುಕಿನ ಜೋಳ ತುಂಬಿದ ಗೋದಾಮಿನಲ್ಲಿ ಗಾಳಿಗೆ ಏಳುವ ಹಿಟ್ಟಿನಂತಹ ಧೂಳು, ಇವೆಲ್ಲವೂ ಈ ನಾಲ್ಕು ತಾಲ್ಲೂಕುಗಳ ನಿತ್ಯಜೀವನದೊಳಗಿನವು. ಪ್ರಮಾಣ ಸರಿಬಿದ್ದರೆ ಎಲ್ಲವೂ ಸಿಡಿಯತಕ್ಕವು. ಅಲ್ಲಿ ಮೀಟರು ಹಿಡಿದು ನಿಲ್ಲುವವನು ಬಹುಮಟ್ಟಿಗೆ ಕೂಲಿಗೆ ಬಂದ ಹುಡುಗ. ಅವನ ಕೈಯಲ್ಲಿರುವ ಪೆಟ್ಟಿಗೆಯ ಮೇಲಿನ ಗುರುತು ಏನೆಂದು ಅವನಿಗೆ ಓದಿ ತಿಳಿಸುವವರು ಯಾರು? ಸೆಂಗೆನಿತ್ತಿನ ಗಂಟೆ ಕಲಿಸಿದ ಪಾಠವು ಮಾನಕದ ಪುಸ್ತಕದಲ್ಲಿ ಸುರಕ್ಷಿತವಾಗಿದೆ. ಅದು ಆ ಹುಡುಗನ ಕಿವಿಯವರೆಗೆ ಬಂದಾಗಲೇ ಆ ಮರಣಗಳ ಋಣ ತೀರಿತೆನ್ನಬಹುದು.