ಶ್ರೀಮುದ್ರೆ ಗಿಡ: ಹೂವಿಗಿಂತ ಕಾಯಿಯೇ ಖಚಿತ ಗುರುತು

ಖಾಲಿ ನಿವೇಶನ, ರೈಲು ಹಳಿಯ ಬದಿ, ಪಾಳು ಗೋಡೆಯ ಬುಡ ಹೀಗೆ ಎಲ್ಲೆಂದರಲ್ಲಿ ಬೆಳೆಯುವ ಶ್ರೀಮುದ್ರೆ ಗಿಡವನ್ನು ನೋಡದ ನಗರವಾಸಿಗಳು ವಿರಳ; ಹೆಸರು ಬಲ್ಲವರು ಇನ್ನೂ ವಿರಳ. ದಾಸವಾಳ, ಹತ್ತಿ, ಬೆಂಡೆಗಳ ಕುಟುಂಬವಾದ ಮಾಲ್ವೇಸಿಗೆ ಸೇರಿದ ಈ ದೇಶಿ ಸಸ್ಯದ ವೈಜ್ಞಾನಿಕ ನಾಮ ಅಬುಟಿಲಾನ್ ಇಂಡಿಕಮ್. ಆಯುರ್ವೇದದಲ್ಲಿ ಇದು ‘ಅತಿಬಲಾ’.

ಗೊಂದಲ ಆರಂಭವಾಗುವುದು ಇಲ್ಲಿಯೇ. ಇದೇ ಕುಟುಂಬದ ‘ಬಲಾ’, ಅಂದರೆ ಸೈಡಾ ಕಾರ್ಡಿಫೋಲಿಯ, ಅದೇ ಬಯಲಿನಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದೆ. ಎರಡರ ಎಲೆಯೂ ಹೃದಯಾಕಾರದ್ದು, ಮುಟ್ಟಿದರೆ ಮಖಮಲ್ಲಿನಂತೆ ಮೃದು. ಸ್ವತಃ ಲಿನೇಯಸ್ ಶ್ರೀಮುದ್ರೆಯನ್ನು ಮೊದಲು ಸೈಡಾ ಜಾತಿಯಲ್ಲಿಯೇ ಸೇರಿಸಿದ್ದನು. ಅದು ಈಗಿನ ಹೆಸರು ಪಡೆದದ್ದು 1826ರಲ್ಲಿ, ರಾಬರ್ಟ್ ಸ್ವೀಟ್ ಎಂಬ ಸಸ್ಯಶಾಸ್ತ್ರಜ್ಞನಿಂದ.

ಶ್ರೀಮುದ್ರೆಯ ಹೂವು ಎಲೆಯ ಕಂಕುಳಿನಲ್ಲಿ ಉದ್ದನೆಯ ತೊಟ್ಟಿನ ಮೇಲೆ ಒಂಟಿಯಾಗಿ ಮೂಡುತ್ತದೆ. ಐದು ದಳ, ಕಿತ್ತಳೆ ಛಾಯೆಯ ಹಳದಿ, ಅಗಲ ಸುಮಾರು 2ರಿಂದ 3 ಸೆಂ.ಮೀ. ಅರಳುವುದು ಇಳಿಹೊತ್ತಿನಲ್ಲಿ, ಬೆಳಿಗ್ಗೆ ಹುಡುಕಿ ಹೋದವರಿಗೆ ಮುದುಡಿದ ಮೊಗ್ಗಷ್ಟೇ ದೊರಕೀತು. ದಾಸವಾಳದಲ್ಲಿ ಪುಷ್ಪಪಾತ್ರೆಯ ಹೊರಗೆ ಕಾಣುವ ಉಪಪಾತ್ರೆಯ ಎಸಳುಗಳು ಇದರಲ್ಲಿಲ್ಲ. ಬಲಾದ ಹೂವು ಇದಕ್ಕಿಂತ ಚಿಕ್ಕದು, ಬಣ್ಣ ಪೇಲವ.

ಆದರೆ ಸಂಶಯ ಪೂರ್ತಿ ನಿವಾರಣೆಯಾಗುವುದು ಕಾಯಿಯಿಂದ. ಶ್ರೀಮುದ್ರೆಯ ಕಾಯಿ ಹಲ್ಲುಳ್ಳ ಚಕ್ರದಂತಿದ್ದು, ಸುಮಾರು 15ರಿಂದ 20 ಚಪ್ಪಟೆ ಹೋಳುಗಳು ಒತ್ತೊತ್ತಾಗಿ ಜೋಡಿಸಿಕೊಂಡಿರುತ್ತವೆ. ಅಂಗೈಗೆ ಒತ್ತಿದರೆ ಮುದ್ರೆ ಬೀಳುತ್ತದೆ. ಹೆಸರಿನ ಮೂಲವೂ ಅದೇ. ಬಲಿತ ಕಾಯಿ ಕಪ್ಪಾಗಿ ಬಹುಕಾಲ ಗಿಡದಲ್ಲೇ ಉಳಿಯುವುದರಿಂದ ಹೂವಿಲ್ಲದಾಗಲೂ ಗುರುತು ಸುಲಭ. ಹೋಳೊಂದರಲ್ಲಿ ಎರಡು ಮೂರು ಬೀಜಗಳಿರುತ್ತವೆ. ಬಲಾದ ಪುಟ್ಟ ಕಾಯಿಯ ಹೋಳಿನಲ್ಲಿ ಒಂದೇ ಬೀಜ, ತುದಿಯಲ್ಲಿ ಎರಡು ಮುಳ್ಳುಕೂದಲು.

ಗುರುತು ತಪ್ಪಿದರೆ ನಷ್ಟವೇನು? ಬಲಾದಲ್ಲಿ ಎಫೆಡ್ರಿನ್ ಎಂಬ ಕ್ಷಾರವಿರುವುದು ವರದಿಯಾಗಿದೆ. ಇದು ಹೃದಯ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುವಂಥದ್ದು. ಈ ವರ್ಗದ ಕ್ಷಾರಗಳುಳ್ಳ ಪೂರಕ ಆಹಾರಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಚಿತ್ರ ನೋಡಿ ಗಿಡ ಕಿತ್ತು ಕಷಾಯ ಕಾಯಿಸುವ ಉತ್ಸಾಹಿಗಳು, ಅದರಲ್ಲೂ ರಕ್ತದೊತ್ತಡ ಉಳ್ಳವರು, ವೈದ್ಯರನ್ನು ಕೇಳದೆ ಮುಂದುವರಿಯುವುದು ಅಪಾಯಕರ.

ಶ್ರೀಮುದ್ರೆಗೆ ಅದರದೇ ಜಾತಿಯೊಳಗೂ ಒಬ್ಬ ಸೋದರನಿದ್ದಾನೆ: ಅಬುಟಿಲಾನ್ ಹಿರ್ಟಮ್. ಹಳದಿ ಹೂವಿನ ನಡುವೆ ಕಡುಗೆಂಪು ಕಲೆ ಕಂಡರೆ ಅದು ಶ್ರೀಮುದ್ರೆಯಲ್ಲ, ಈ ಸೋದರ.