ಪ್ರೋಗ್ರಾಮಿಸಬಲ್ಲ ತರ್ಕಮಂಡಲಗಳು: ಅಂತರಿಕ್ಷ ಹಾಗೂ ಸೈನಿಕ ವ್ಯವಸ್ಥೆಗಳಲ್ಲಿ

ಕಾರ್ಖಾನೆಯಿಂದ ಹೊರಬಂದ ಬಳಿಕ, ತಾನು ಯಾವ ಕಾರ್ಯವನ್ನು ನೆರವೇರಿಸಬೇಕೆಂಬ ಆದೇಶವನ್ನು ಬಳಸುವವನಿಂದಲೇ ಪಡೆದು, ಅದಕ್ಕೆ ತಕ್ಕಂತೆ ಒಳಸಂಬಂಧಗಳನ್ನು ಹೊಂದಿಸಿಕೊಳ್ಳುವ ಅರೆವಾಹಕ ವಿದ್ಯುನ್ಮಂಡಲಕ್ಕೆ ಪ್ರೋಗ್ರಾಮಿಸಬಲ್ಲ ತರ್ಕಮಂಡಲವೆಂದು ಹೆಸರು. ಇವುಗಳ ಪೈಕಿ ಎಂಜಿನಿಯರುಗಳು ಎಫ್‌ಪಿಜಿಎ ಎಂದು ಕರೆಯುವ ಬಗೆಯೇ ಇಂದು ಪ್ರಧಾನವಾದುದು. ಉಪಗ್ರಹ, ಕ್ಷಿಪಣಿ, ಯುದ್ಧವಿಮಾನಗಳು ಅಲ್ಪಸಂಖ್ಯೆಯಲ್ಲಿ ತಯಾರಾಗತಕ್ಕವಾದುದರಿಂದ, ಅವಕ್ಕಾಗಿ ಪ್ರತ್ಯೇಕ ಚಿಪ್ಪುಗಳನ್ನು ಮಾಡಿಸುವ ಅಪಾರ ವೆಚ್ಚವನ್ನು ತಪ್ಪಿಸಲು ಈ ಮಂಡಲಗಳು ಅತ್ಯಂತ ಉಪಯುಕ್ತವಾಗಿವೆ. ಆದರೆ ಕಕ್ಷೆ ಸೇರಿದ ಉಪಗ್ರಹವನ್ನು ಸಾಮಾನ್ಯವಾಗಿ ಕೆಳಗಿಳಿಸಿ ದುರಸ್ತಿಮಾಡುವಂತಿಲ್ಲವಾಗಿ, ವೇಗ ಮಿತವ್ಯಯಗಳಿಗಿಂತ ವಿಶ್ವಾಸಾರ್ಹತೆಯೇ ಇಲ್ಲಿ ಪ್ರಥಮಗುಣವೆನಿಸುತ್ತದೆ.

ಬಗೆಗಳು

ಜೈಲಿಂಕ್ಸ್ ಸಂಸ್ಥೆ 1985ರಲ್ಲಿ ಹೊರತಂದ, 64 ತರ್ಕಘಟಕಗಳುಳ್ಳ ಎಕ್ಸ್‌ಸಿ2064 ಎಂಬುದನ್ನು ಮೊದಲ ಎಫ್‌ಪಿಜಿಎ ಎಂದು ಪರಿಗಣಿಸುವುದು ರೂಢಿ. ಇದರಲ್ಲಿ ಒಳಸಂಬಂಧಗಳ ವಿನ್ಯಾಸವು ಸ್ಮೃತಿಕೋಶಗಳಲ್ಲಿ ಅಡಕವಾಗಿದ್ದು, ವಿದ್ಯುತ್ತು ನಿಂತೊಡನೆ ಅಳಿಸಿಹೋಗುತ್ತದೆ. ಪ್ರತಿ ಸಲವೂ ಹೊರಗಿನಿಂದ ತುಂಬಬೇಕು. ಅದೇ ವರ್ಷ ಸ್ಥಾಪಿತವಾದ ಆಕ್ಟೆಲ್ ಸಂಸ್ಥೆ ಆಂಟಿಫ್ಯೂಸ್ ಎಂಬ ಬೇರೊಂದು ಮಾರ್ಗವನ್ನು ಹಿಡಿಯಿತು. ಎರಡು ತಂತಿಗಳ ನಡುವಣ ತೆಳುವಾದ ಅವಾಹಕ ಪದರವನ್ನು ಅಧಿಕ ವೋಲ್ಟೇಜಿನಿಂದ ಭೇದಿಸಿ ಅಲ್ಲಿ ಶಾಶ್ವತವಾದ ವಾಹಕಪಥವನ್ನು ಉಂಟುಮಾಡುವುದು ಇದರ ತತ್ತ್ವ. ಒಮ್ಮೆ ಬರೆದುದನ್ನು ತಿದ್ದಲಾಗದು. ಆದರೆ ವಿಕಿರಣವೂ ಅದನ್ನು ತಿದ್ದಲಾರದು. ಈ ಗುಣದಿಂದಾಗಿಯೇ ಆಂಟಿಫ್ಯೂಸ್ ಮಂಡಲಗಳು ಬಹುಕಾಲ ಅಂತರಿಕ್ಷ ವಿನ್ಯಾಸಕರ ಮೊದಲ ಆಯ್ಕೆಯಾಗಿದ್ದವು. ಫ್ಲ್ಯಾಶ್ ಸ್ಮೃತಿಯನ್ನಾಶ್ರಯಿಸಿದ ಮೂರನೆಯ ಬಗೆಯೊಂದುಂಟು.

ವಿಕಿರಣದ ಪರಿಣಾಮ

ಗಣಕಮಂಡಲಗಳ ಗಾತ್ರ ಕುಗ್ಗಿದಂತೆಲ್ಲ ವಿಶ್ವಕಿರಣಗಳು ಅವುಗಳ ಸ್ಥಿತಿಯನ್ನು ಕದಡಬಲ್ಲವೆಂದು ವಾಲ್‌ಮಾರ್ಕ್ ಮತ್ತು ಮಾರ್ಕಸ್ 1962ರಲ್ಲೇ ಊಹಿಸಿದ್ದರು. 1975ರಲ್ಲಿ ಬೈಂಡರ್, ಸ್ಮಿತ್ ಹಾಗೂ ಹೋಲ್‌ಮನ್ ಎಂಬವರು, ಸಂಪರ್ಕೋಪಗ್ರಹಗಳ ಒಟ್ಟು 17 ವರ್ಷಗಳ ಕಾರ್ಯಾವಧಿಯಲ್ಲಿ ಕಂಡ 4 ಅಸಂಗತಿಗಳಿಗೆ, ಸೊನ್ನೆ ಅಥವಾ ಒಂದನ್ನು ಹಿಡಿದಿಡುವ ಫ್ಲಿಪ್‌ಫ್ಲಾಪುಗಳನ್ನು ಹಾದುಹೋದ ಭಾರಪರಮಾಣುಗಳ ಬೀಜಗಳೇ ಕಾರಣವೆಂದು ವಿವರಿಸಿದರು. ಅಂಥ ಕಣವು ಸಿಲಿಕಾನನ್ನು ಭೇದಿಸಿ ಸಾಗುವಾಗ ತನ್ನ ಜಾಡಿನುದ್ದಕ್ಕೂ ವಿದ್ಯುದಾವೇಶವನ್ನು ಬಿಡುತ್ತದೆ. ಆ ಆವೇಶ ಸ್ಮೃತಿಕೋಶದ ಸಹನೆಯ ಮಿತಿಯನ್ನು ಮೀರಿದಲ್ಲಿ ಸೊನ್ನೆ ಒಂದಾಗುತ್ತದೆ, ಇಲ್ಲವೆ ಒಂದು ಸೊನ್ನೆಯಾಗುತ್ತದೆ. ಸಾಮಾನ್ಯ ಸ್ಮೃತಿಯಲ್ಲಿ ಇದರಿಂದ ಕೆಡುವುದು ಬಿಟ್ಟು ಎನಿಸುವ ಒಂದು ಅಂಕಿ ಮಾತ್ರ. ಸ್ಮೃತಿಯನ್ನಾಧರಿಸಿದ ಎಫ್‌ಪಿಜಿಎಯಲ್ಲಾದರೋ ಆ ಬಿಟ್ಟು ಒಂದು ತಂತಿಯ ಜೋಡಣೆಯನ್ನೇ ಸೂಚಿಸುತ್ತಿರಬಹುದಾದುದರಿಂದ, ಯಂತ್ರದ ರಚನೆಯೇ ಬದಲಾಗಿಬಿಡುತ್ತದೆ. ಇದಕ್ಕೆ ಪರಿಹಾರವಾಗಿ ಒಳವಿನ್ಯಾಸವನ್ನು ಆಗಾಗ್ಗೆ ಓದಿ, ಮೂಲಪ್ರತಿಯೊಡನೆ ಹೋಲಿಸಿ, ಕೆಟ್ಟ ಬಿಟ್ಟನ್ನು ಮರಳಿ ಬರೆಯುವ ಕ್ರಮ ಬಳಕೆಗೆ ಬಂದಿದೆ. ಲಾಸ್ ಅಲಮೋಸ್ ಪ್ರಯೋಗಾಲಯವು 2007ರ ಮಾರ್ಚಿಯಲ್ಲಿ ಕಕ್ಷೆಗೆ ಕಳುಹಿಸಿದ ಸಿಬೊಲಾ ಪ್ರಾಯೋಗಿಕ ಉಪಗ್ರಹವು ಇಂಥ 9 ಮಂಡಲಗಳನ್ನು ಹೊತ್ತು ಈ ಕ್ರಮವನ್ನು ಪ್ರತ್ಯಕ್ಷವಾಗಿ ಪರೀಕ್ಷಿಸಿತು.

ತ್ರಿಗುಣೀಕರಣ

ವಿಶ್ವಾಸಾರ್ಹವಲ್ಲದ ಅಂಗಗಳಿಂದ ವಿಶ್ವಾಸಾರ್ಹವಾದ ಯಂತ್ರವನ್ನು ನಿರ್ಮಿಸಬಹುದೆಂಬ ವಿಚಾರವನ್ನು ಜಾನ್ ಫಾನ್ ನಾಯ್ಮನ್ 1952ರ ಉಪನ್ಯಾಸಗಳಲ್ಲಿ ಪ್ರತಿಪಾದಿಸಿದನು. ಅವು 1956ರಲ್ಲಿ ಅಚ್ಚಾದುವು. ಒಂದೇ ಮಂಡಲದ ಮೂರು ಪ್ರತಿಗಳನ್ನಿರಿಸಿ ಬಹುಮತದ ಉತ್ತರವನ್ನು ಸ್ವೀಕರಿಸುವುದು ಇದರ ಸರಳರೂಪ. ಚಂದ್ರಯಾತ್ರೆಯ ಸ್ಯಾಟರ್ನ್ ರಾಕೆಟ್ಟಿನ ಗಣಕದಲ್ಲಿ ಇದನ್ನು ಅಳವಡಿಸಿದ್ದರು. ಒಂದು ಪ್ರತಿ ತಪ್ಪುವ ಸಂಭಾವ್ಯತೆ ನೂರಕ್ಕೆ 1 ಎಂದಿಟ್ಟುಕೊಂಡರೆ, ಮತದಾನ ಮಾಡುವ ಭಾಗ ನಿರ್ದೋಷವಾಗಿದ್ದು ಪ್ರತಿಗಳು ಸ್ವತಂತ್ರವಾಗಿ ತಪ್ಪುವ ಪಕ್ಷದಲ್ಲಿ, ಮೂರರ ಕೂಟ ತಪ್ಪುವ ಸಂಭಾವ್ಯತೆ ಹತ್ತುಸಾವಿರಕ್ಕೆ ಸುಮಾರು 3ಕ್ಕೆ ಇಳಿಯುತ್ತದೆ.

ಆ ‘ಪಕ್ಷದಲ್ಲಿ’ ಎಂಬುದರಲ್ಲೇ ಎಚ್ಚರಿಕೆಯೆಲ್ಲ ಅಡಗಿದೆ. ಮೂರು ಪ್ರತಿಗಳಿಗೂ ಒಂದೇ ಗಡಿಯಾರಸಂಕೇತವಿದ್ದರೆ ಅದರ ದೋಷ ಮೂರನ್ನೂ ಕೆಡಿಸುವುದು. ವಿನ್ಯಾಸವನ್ನು ಮಂಡಲವಾಗಿ ಪರಿವರ್ತಿಸುವ ತಂತ್ರಾಂಶವಂತೂ, ಒಂದೇ ಕೆಲಸದ ಮೂರು ಪ್ರತಿಗಳನ್ನು ಕಂಡು ಎರಡನ್ನು ವ್ಯರ್ಥವೆಂದು ಅಳಿಸಿಹಾಕಬಲ್ಲುದು. ಅದಕ್ಕೆ ಸ್ಪಷ್ಟವಾಗಿ ತಡೆಯೊಡ್ಡದಿದ್ದರೆ ವಿನ್ಯಾಸಕನ ಕಾಗದದಲ್ಲಿರುವ ರಕ್ಷಣೆ ಚಿಪ್ಪಿನಲ್ಲಿ ಇರುವುದೇ ಇಲ್ಲ. ಸ್ಥಿತಿಯಿಂದ ಸ್ಥಿತಿಗೆ ಸಾಗುತ್ತ ಕೆಲಸಮಾಡುವ ಮಂಡಲಗಳಲ್ಲೂ ಇಂಥದೇ ಅಪಾಯವುಂಟು. ಅಂಥ 5 ಸ್ಥಿತಿಗಳ ಯಂತ್ರವೊಂದನ್ನು 3 ಬಿಟ್ಟುಗಳಲ್ಲಿ ಬರೆದರೆ 3 ಅನಧಿಕೃತ ಸ್ಥಿತಿಗಳು ಮಿಗುತ್ತವೆ. ಸ್ಥಿತಿಗೊಂದರಂತೆ 5 ಬಿಟ್ಟುಗಳಲ್ಲಿ ಬರೆದರೆ 27 ಮಿಗುತ್ತವೆ. ಇವುಗಳಿಂದ ಮರಳುವ ದಾರಿಯನ್ನು ವಿನ್ಯಾಸಕನು ಬರೆದಿದ್ದರೂ, ಅಲ್ಲಿಗೆ ಯಂತ್ರ ಹೋಗುವುದೇ ಸಾಧ್ಯವಿಲ್ಲವೆಂಬ ತರ್ಕದಿಂದ ತಂತ್ರಾಂಶವು ಆ ದಾರಿಯನ್ನೂ ಅಳಿಸಿಬಿಡುವುದುಂಟು. ಆದಕಾರಣ ಪರಿವರ್ತನೆಯ ನಂತರದ ಮಂಡಲವನ್ನು ಮತ್ತೊಮ್ಮೆ ಪರಿಶೀಲಿಸುವುದು ಅನಿವಾರ್ಯ.

ಆರಂಭಕ್ಷಣದ ಸಮಸ್ಯೆ

ವಿಕಿರಣದ ವಿಷಯದಲ್ಲಿ ಗ್ರಂಥಗಳು ವಿಪುಲವಾಗಿವೆ. ವಿದ್ಯುತ್ತು ಹರಿಯತೊಡಗಿದ ಮೊದಲ ಕೆಲವು ಮಿಲಿಸೆಕೆಂಡುಗಳ ವಿಷಯದಲ್ಲಿ ಬರೆದವರು ಕಡಮೆ. ಆದರೂ ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಈ ವಿದ್ಯೆಯ ಅತ್ಯಂತ ಮಹತ್ತ್ವದ ದೃಷ್ಟಾಂತ ಈ ವರ್ಗದ್ದೇ ಆಗಿದೆ.

1999ರ ಮಾರ್ಚಿ ಮೊದಲ ವಾರದಲ್ಲಿ ನಾಸಾ ಸಂಸ್ಥೆಯು ವೈರ್ ಎಂಬ ಸಣ್ಣ ಉಪಗ್ರಹವನ್ನು ಪೆಗಾಸಸ್ ರಾಕೆಟ್ಟಿನ ಮೂಲಕ ಕಕ್ಷೆಗೇರಿಸಿತು. ದೂರದ ಗೆಲಾಕ್ಸಿಗಳನ್ನು ಅವಕೆಂಪು ಕಿರಣಗಳಲ್ಲಿ ನಾಲ್ಕು ತಿಂಗಳು ವೀಕ್ಷಿಸುವುದು ಅದರ ಉದ್ದೇಶ. 30 ಸೆಂಟಿಮೀಟರ್ ವ್ಯಾಸದ ದೂರದರ್ಶಕವನ್ನು ಘನೀಕೃತ ಹೈಡ್ರೊಜನ್ನಿನಿಂದ ತಂಪಾಗಿಡಲಾಗಿತ್ತು. ಅದರ ಬಾಯಿಗೆ ಮುಚ್ಚಿದ್ದ ಮುಚ್ಚಳವನ್ನು ತಕ್ಕ ಸಮಯದಲ್ಲಿ ಸ್ಫೋಟಕ ಸಾಧನದಿಂದ ಬಿಡಿಸಬೇಕಾಗಿತ್ತು. ಆ ಸಾಧನವನ್ನು ನಿಯಂತ್ರಿಸುವ ಪೆಟ್ಟಿಗೆಯೊಳಗೆ ಆಕ್ಟೆಲ್ಲಿನ ಎ1020 ಎಂಬ ಆಂಟಿಫ್ಯೂಸ್ ಮಂಡಲವಿತ್ತು. ಪೆಟ್ಟಿಗೆಗೆ ವಿದ್ಯುತ್ತು ಕೊಟ್ಟ ಕ್ಷಣದಲ್ಲೇ, ಯಾರ ಆಜ್ಞೆಯೂ ಇಲ್ಲದೆ, ಮುಚ್ಚಳ ಹಾರಿಹೋಯಿತು. ಭೂಮಿಯ ಹಾಗೂ ಸೂರ್ಯನ ಶಾಖ ಒಳಹೊಕ್ಕು ಹೈಡ್ರೊಜನ್ ವೇಗವಾಗಿ ಆವಿಯಾಗಿ, ಹೊರನುಗ್ಗಿದ ಅನಿಲದ ಒತ್ತಡಕ್ಕೆ ಉಪಗ್ರಹವು ನಿಮಿಷಕ್ಕೆ ಸುಮಾರು 60 ಸುತ್ತು ತಿರುಗತೊಡಗಿತು. ಶೈತ್ಯವೆಲ್ಲ ತೀರಿದ ಮೇಲೆ ಅದರ ಮುಖ್ಯ ಕಾರ್ಯವೂ ಅಲ್ಲಿಗೆ ಮುಗಿಯಿತು.

ತನಿಖಾಮಂಡಲಿಯು ಎರಡು ಕಾರಣಗಳನ್ನು ಗುರುತಿಸಿತು. ಎರಡರಲ್ಲಿ ಯಾವುದೊಂದಾದರೂ, ಅಥವಾ ಎರಡೂ ಸೇರಿ, ಈ ಅನರ್ಥಕ್ಕೆ ಸಾಕು. ಮಂಡಲವನ್ನು ಸುರಕ್ಷಿತ ಸ್ಥಿತಿಗೆ ತರುವ ‘ರೀಸೆಟ್’ ಸಂಕೇತವು ಗಡಿಯಾರದ ಮಿಡಿತ ಬಂದಾಗಲೇ ಫಲಿಸುವಂತೆ ರಚಿತವಾಗಿತ್ತು. ಆ ಮಿಡಿತವನ್ನು ಕೊಡುವ ಸ್ಫಟಿಕ ಆಂದೋಲಕವಾದರೋ ವಿದ್ಯುತ್ತು ದೊರೆತೊಡನೆ ಚಲಿಸತೊಡಗದೆ ಕೊಂಚ ಕಾಲವನ್ನು ತೆಗೆದುಕೊಳ್ಳುವ ವಸ್ತು. ಆ ಅವಧಿಯಲ್ಲಿ ಪ್ರತಿಯೊಂದು ಫ್ಲಿಪ್‌ಫ್ಲಾಪೂ ತನಗೆ ತೋಚಿದ ಸ್ಥಿತಿಯಲ್ಲಿತ್ತು. ಎರಡನೆಯದಾಗಿ, ಎ1020ರ ಒಳಗಿರುವ ಆವೇಶ ಪಂಪು ಎಂಬ ಭಾಗ ಸಿದ್ಧವಾಗುವ ತನಕ ಆ ಚಿಪ್ಪು ತನ್ನ ಸತ್ಯಕೋಷ್ಟಕವನ್ನು, ಎಂದರೆ ಯಾವ ಒಳಸಂಕೇತಕ್ಕೆ ಯಾವ ಹೊರಸಂಕೇತವೆಂಬ ನಿಯಮವನ್ನು, ಪಾಲಿಸುವುದೆಂಬ ಭರವಸೆಯಿಲ್ಲ. ಹೊರದ್ವಾರಗಳಲ್ಲಿ ಏನು ಬೇಕಾದರೂ ತೋರಬಹುದು. ಭೂಮಿಯ ಮೇಲಣ ಪರೀಕ್ಷೆಗಳಲ್ಲಿ ಇದು ಗೋಚರಿಸಲಿಲ್ಲ. ಏಕೆಂದರೆ ಪರೀಕ್ಷಾಸಾಧನಗಳಿಗೆ ಇಂಥ ಕ್ಷಣಿಕ ಸ್ಪಂದನವನ್ನು ಹಿಡಿಯುವ ಸೂಕ್ಷ್ಮತೆಯಿರಲಿಲ್ಲ. ಈ ಪೆಟ್ಟಿಗೆಯ ವಿನ್ಯಾಸವನ್ನು ಸಹೋದ್ಯೋಗಿ ತಜ್ಞರು ವಿಮರ್ಶಿಸಿರಲಿಲ್ಲವೆಂಬುದೂ ವರದಿಯಲ್ಲಿದೆ. ಗಮನಿಸತಕ್ಕದ್ದೇನೆಂದರೆ, ಇಲ್ಲಿ ಚಿಪ್ಪು ಕೆಡಲಿಲ್ಲ, ಕಣವೊಂದೂ ಬಡಿಯಲಿಲ್ಲ. ಪ್ರತಿಯೊಂದು ಅಂಗವೂ ತನ್ನ ಸ್ವಭಾವದಂತೆಯೇ ವರ್ತಿಸಿತು. ಗಡಿಯಾರವನ್ನು ಅವಲಂಬಿಸದೆ ಒಡನೆಯೇ ಜಾರಿಗೆ ಬರುವ ರೀಸೆಟ್ಟು, ಸ್ಫೋಟಕವನ್ನು ಸಜ್ಜುಗೊಳಿಸುವ ಹಾಗೂ ಸಿಡಿಸುವ ಆಜ್ಞೆಗಳಿಗೆ ಬೇರೆಬೇರೆ ಮಂಡಲಗಳು, ಆರಂಭಕಾಲದಲ್ಲಿ ಹೊರದ್ವಾರಗಳನ್ನು ತಡೆಹಿಡಿಯುವ ಸ್ವತಂತ್ರ ಸಾಧನ: ಇವು ದುಬಾರಿಯಾದ ಉಪಾಯಗಳಲ್ಲ. ವೈರ್ ಉಪಗ್ರಹದ ದಿಕ್ಸೂಚಕ ನಕ್ಷತ್ರವೀಕ್ಷಕವನ್ನು ಬಳಸಿಕೊಂಡು ವಿಜ್ಞಾನಿಗಳು ಮುಂದೆ ತಾರೆಗಳ ಕಂಪನವನ್ನು ಅಧ್ಯಯನ ಮಾಡಿದರೆಂಬುದು ಈ ಕಥೆಯಲ್ಲಿ ಸಮಾಧಾನದ ಅಂಶ.

ಸೈನಿಕ ಬಳಕೆ

ಈ ಕ್ಷೇತ್ರದ ವಿವರಗಳು ಸಹಜವಾಗಿಯೇ ವಿರಳ. ಮೈನಸ್ 55ರಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣವ್ಯಾಪ್ತಿಯಲ್ಲಿ ಕೆಲಸಮಾಡಬೇಕೆಂಬುದು ಸಾಂಪ್ರದಾಯಿಕ ನಿಯಮ. ಶತ್ರುವಿನ ಕೈಸೇರಿದ ಉಪಕರಣದಿಂದ ವಿನ್ಯಾಸವನ್ನು ಓದಲಾಗದಂತೆ ಗೂಢಲಿಪೀಕರಣವೂ ಅಗತ್ಯ.

ಭಾರತದಲ್ಲಿ

ಬೆಂಗಳೂರಿನಿಂದ 2001ರ ಜನವರಿ 4ರಂದು ಮೊದಲ ಬಾರಿ ಹಾರಿದ ತೇಜಸ್ ವಿಮಾನದ ಹಾರಾಟನಿಯಂತ್ರಣ ಗಣಕವು ಮೂರರ ಬದಲು ನಾಲ್ಕು ಸಮಾನಾಂತರ ಪ್ರತಿಗಳನ್ನುಳ್ಳದ್ದು. ಅದು ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯ ಕೃತಿ. ಇಸ್ರೋದ ರಾಕೆಟ್ಟುಗಳಲ್ಲಿ 16 ಬಿಟ್ಟಿನ ವಿಕ್ರಮ್-1601 ಸಂಸ್ಕಾರಕವು 2009ರಿಂದ ಬಳಕೆಯಲ್ಲಿದೆ; ಅದರ ಉತ್ತರಾಧಿಕಾರಿಯಾದ 32 ಬಿಟ್ಟಿನ ವಿಕ್ರಮ್-3201, ಮೊಹಾಲಿಯ ಅರೆವಾಹಕ ಪ್ರಯೋಗಾಲಯದಲ್ಲಿ 180 ನ್ಯಾನೊಮೀಟರ್ ವಿಧಾನದಿಂದ ತಯಾರಾದುದು. ಇವು ಪ್ರೋಗ್ರಾಮಿಸಬಲ್ಲ ತರ್ಕಮಂಡಲಗಳಲ್ಲವಾದರೂ, ಅದೇ ಕಾರ್ಯಶಿಸ್ತಿನ ಫಲಗಳು. ಈ ವಿದ್ಯೆಯನ್ನು ಅಭ್ಯಸಿಸಬಯಸುವ ನಮ್ಮ ತರುಣರು ಸಾಧನಗಳ ಕೈಪಿಡಿಗಳನ್ನು ತೆರೆಯುವುದಕ್ಕೆ ಮುಂಚೆ ವೈರ್ ಅಪಘಾತದ ವರದಿಯನ್ನು ಆದ್ಯಂತವಾಗಿ ಓದತಕ್ಕದ್ದು.