ಹಂಡೆ ಹೇಳುತ್ತಿತ್ತು, ಗೀಸರ್ ಹೇಳುವುದಿಲ್ಲ

ಒಂದು ಡಿಸೆಂಬರ್ ಬೆಳಿಗ್ಗೆ ಅಮ್ಮ ಬಚ್ಚಲುಮನೆಯಿಂದ ಕೂಗಿದರು, "ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಕಣೋ!" ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ. ಎಂಬತ್ತು ದಾಟಿದ ಜೀವ, ಒದ್ದೆ ನೆಲ, ಬರಿಗಾಲು... ಈಗಲೂ ನೆನೆದರೆ ಎದೆ ಝಲ್ ಎನ್ನುತ್ತದೆ. ತಪ್ಪು ನನ್ನದೇ. ಹನ್ನೊಂದು ವರ್ಷದ ಗೀಸರಿಗೆ ಮೂರನೇ ಸಲ ಕಾಯಿಲ್ ಹಾಕಿಸಿ, "ಇನ್ನೆರಡು ವರ್ಷ ಓಡುತ್ತೆ ಬಿಡು" ಅಂದಿದ್ದೆ. ಮುಳುಗಿದ ಸಾಲಕ್ಕೆ ಮತ್ತೆ ಸಾಲ ಕೊಡಬಾರದು ಅಂತ ಬ್ಯಾಂಕಿನಲ್ಲಿ ಎಲ್ಲರಿಗೂ ಪಾಠ ಹೇಳುವವನು ನಾನು!

ಬಂದ ಮೆಕ್ಯಾನಿಕ್ ಮೊದಲು ಕೇಳಿದ್ದು, "ಬೋರ್ ನೀಳ್ಳಾ ಸಾರ್?" ಆ ಪ್ರಶ್ನೆಯಲ್ಲಿ ಹೈದರಾಬಾದಿನ ನೂರು ವರ್ಷದ ಚರಿತ್ರೆಯೇ ಇದೆ ನೋಡಿ.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಇಲ್ಲಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಭಾಗದಲ್ಲೇ ನೀರನ್ನು ತಡೆದು ನಿಲ್ಲಿಸಿ ಅಂದರು ಅವರು. ಹಾಗೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಉಸ್ಮಾನ್ ಸಾಗರಕ್ಕೆ ಜನರ ಬಾಯಲ್ಲಿ ಗಂಡಿಪೇಟೆ ಅಂತ ಹೆಸರು. ಗಂಡಿಪೇಟೆ ನೀರು ಕುಡಿದವರು ಈ ಊರು ಬಿಡುವುದಿಲ್ಲ ಎಂಬ ಮಾತೇ ಇದೆ. (ತಿಪಟೂರಿನಿಂದ ಬಂದ ನಾನೂ ಬಿಡಲಿಲ್ಲ!) ಊರು ಬೆಳೆಯಿತು. ಮಂಜೀರಾ ನೀರು ಬಂತು, 2004ರಲ್ಲಿ ಕೃಷ್ಣೆಯೂ ಬಂದಳು. ಆದರೂ ಸಾಲದೆ ನಮ್ಮಂಥ ಅಪಾರ್ಟ್‌ಮೆಂಟಿನವರು ಬಂಡೆ ಕೊರೆದು ಬೋರ್ ಹಾಕಿಸಿಕೊಂಡೆವು. ಕೆರೆಯ ಸಿಹಿನೀರು ಹೋಗಿ ಗಡಸು ನೀರು ಬಂತು.

ಗಡಸು ನೀರು ಕಾದರೆ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಬಿಸಿ ನೀರಿಗೆ ದಾಟದೆ ಕಾಯಿಲ್ಲೇ ಅತಿಯಾಗಿ ಕಾದು ಬಿರುಕು ಬಿಡುತ್ತದೆ, ಕರೆಂಟು ನೀರಿಗಿಳಿಯುತ್ತದೆ. ನಮ್ಮಲ್ಲಿ ಅರ್ಥಿಂಗ್ ತಂತಿಯೂ ಸಡಿಲವಾಗಿತ್ತು. ಇನ್ನು ಟ್ಯಾಂಕಿನೊಳಗೆ ಒಂದು ಮೆಗ್ನೀಸಿಯಂ ಸರಳು ಇರುತ್ತದೆ. ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಉಳಿಸುವುದೇ ಅದರ ಕೆಲಸ. ನಮ್ಮದನ್ನು ಬಿಚ್ಚಿದಾಗ ಅದು ಬರೀ ತಂತಿಯಾಗಿತ್ತು, ಟ್ಯಾಂಕಿನ ತಳ ಜಿನುಗುತ್ತಿತ್ತು.

ಆ ದಿನ ಕಲಿತ ಲೆಕ್ಕ ಇಷ್ಟು. ಕಾಯಿಲ್, ಥರ್ಮೋಸ್ಟಾಟ್ ಕೆಟ್ಟರೆ ರಿಪೇರಿ ಮಾಡಿಸಿ. ಸರಳು ಸವೆದರೆ ಬೇರೆ ಹಾಕಿಸಿ. ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ಕೆಂಪು ನೀರು ಬಂದರೆ ಒಳಗೆ ತುಕ್ಕು ಹಿಡಿದಿದೆ ಎಂದು ಅನುಮಾನಿಸಿ. ಟ್ಯಾಂಕೇ ಸೋರಿದರೆ ಮಾತ್ರ ಬೇರೆ ದಾರಿಯಿಲ್ಲ, ಹೊಸದೇ ತನ್ನಿ. ಜುಮ್ ಅಂದರೆ ಆ ಕ್ಷಣವೇ ಮೇನ್ ಆರಿಸಿ, ಎಲೆಕ್ಟ್ರಿಷಿಯನ್ ನೋಡುವವರೆಗೆ ಮುಟ್ಟಬೇಡಿ.

ಹೊಸ ಗೀಸರ್ ಗೋಡೆಗೇರಿದ ಸಂಜೆ ಅಮ್ಮ ಅಂದರು, "ನಮ್ಮ ಹಂಡೆ ತೂತಾದ್ರೆ ಒಲೆ ಬೂದಿ ಒದ್ದೆಯಾಗಿ ಗೊತ್ತಾಗ್ತಿತ್ತು. ಇದು ಬಾಯೇ ಬಿಡಲ್ವಲ್ಲೋ."

ನಿಜ. ತೆಂಗಿನ ಮಟ್ಟೆ, ಕರಟದ ಉರಿಗೆ ಮಸಿ ಹಿಡಿದ ಆ ತಾಮ್ರದ ಹಂಡೆಯನ್ನು ನೀರು ತುಂಬುವ ಹಬ್ಬದ ದಿನ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆವು. ತಿಕ್ಕುವ ನೆಪದಲ್ಲಿ ವರ್ಷಕ್ಕೊಮ್ಮೆ ಅದರ ಮೈಯೆಲ್ಲ ನೋಡಿದಂತಾಗುತ್ತಿತ್ತು. ಹಬ್ಬದ ಹೆಸರಿನಲ್ಲಿ ಹಿರಿಯರು ಮಾಡಿಸುತ್ತಿದ್ದ ಆಡಿಟ್ ಅದು!

ಈಗ ನಮ್ಮ ಮನೆಯಲ್ಲಿ ಪ್ರತಿ ದೀಪಾವಳಿಗೆ ಮೊದಲು ಮೆಕ್ಯಾನಿಕ್ ಬಂದು ಗೀಸರ್ ಬಿಚ್ಚಿ ನೋಡುತ್ತಾನೆ. ಅವನು ಹೋದ ಮೇಲೆ ಅಮ್ಮ ಅದಕ್ಕೊಂದು ಕುಂಕುಮದ ಬೊಟ್ಟು ಇಡುತ್ತಾರೆ. ನಿಮ್ಮನೆ ಗೀಸರಿಗೆ ಎಷ್ಟು ವರ್ಷವಾಯಿತು?